ಲಾರಿಯಾಗುವ ರೋಬೋ: ಎಂಟು ತಿಂಗಳ ಬಳಕೆಯ ನಂತರ

ಮಗನ ಏಳನೇ ಹುಟ್ಟುಹಬ್ಬಕ್ಕೆ ಈ ಆಟಿಕೆಯನ್ನು ಮುಂಬೈಯ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ಚೌಕಾಸಿ ಮಾಡಿ 1,150 ರೂಪಾಯಿಗೆ ತಂದಿದ್ದೆ. ಡೊಂಬಿವಲಿ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಡಬ್ಬವನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ಬಂದೆ. ಅಷ್ಟು ಜೋಪಾನ ಬೇಕಿರಲಿಲ್ಲ.

ಲಾರಿಯನ್ನು ರೋಬೋ ಮಾಡಲು 24 ಹಂತ. ಚೀಟಿಯಲ್ಲಿ ಉಗುರಿನಷ್ಟು ಚಿತ್ರಗಳು. ಕಾಲನ್ನು ಮೊದಲು ಎಳೆಯಬೇಕೋ ತಿರುಗಿಸಬೇಕೋ ಗೊತ್ತೇ ಆಗುವುದಿಲ್ಲ. ತಪ್ಪು ಕಡೆ ಒತ್ತಿದರೆ ಸುಮ್ನೆ ಮುರಿಯುತ್ತದೆ, ತಡೆದುಕೊಳ್ಳುವಷ್ಟು ಗಟ್ಟಿ ಇಲ್ಲ.

ಮೊದಲು ಹೋಗಿದ್ದು ಭುಜ. ಗೋಲಿಯಂಥ ಒಂದು ಗುಂಡು, ಅದನ್ನು ಹಿಡಿಯುವ ಒಂದು ಬಟ್ಟಲು, ಅಷ್ಟೇ. ಬಟ್ಟಲಿನ ಅಂಚು ತೀರಾ ತೆಳು. ಮೂರನೇ ದಿನವೇ ಅಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಕಂಡಿತು. ಬಾಗಿಸಿ ಬಾಗಿಸಿ ಪ್ಲಾಸ್ಟಿಕ್ ಬೆಳ್ಳಗಾಯಿತು ಅಂದರೆ ಅದರ ಕಥೆ ಮುಗಿಯಿತು ಅಂತಲೇ ಅರ್ಥ. ತಿಂಗಳೊಳಗೆ ಬಟ್ಟಲು ಸೀಳಿ ಕೈ ಕಳಚಿ ಬಿತ್ತು. ಫೆವಿಕ್ವಿಕ್ ಹಾಕಿದೆ, ಕೈ ಅಂಟಿತು, ಆದರೆ ಅಲ್ಲಾಡದು. ಕೈ ಮಡಚದಿದ್ದರೆ ಲಾರಿ ಆಗುವುದಿಲ್ಲ, ಅಲ್ವಾ?

ಇನ್ನೊಂದು ಭುಜ ಮುರಿಯಲಿಲ್ಲ, ಸಡಿಲವಾಯಿತು. ಹೆಂಡತಿಯ ಬಣ್ಣವಿಲ್ಲದ ನೇಲ್ ಪಾಲಿಶನ್ನು ಆ ಗುಂಡಿನ ಮೇಲೆ ಹಚ್ಚಿ, ಒಂದು ರಾತ್ರಿ ಒಣಗಿಸಿ ಕೂರಿಸಿದೆ. ಅದೊಂದು ಉಪಾಯ ಫಲಿಸಿತು. ಬಾಟಲಿ ಖಾಲಿಯಾದದ್ದಕ್ಕೆ ಬೈಸಿಕೊಂಡಿದ್ದು ಬೇರೆ ಲೆಕ್ಕ.

ನಿಲ್ಲುವುದಂತೂ ಕೇಳಲೇಬೇಡಿ. ಲಾರಿಯ ಮುಂಭಾಗ ಪೂರ್ತಿ ರೋಬೋನ ಬೆನ್ನ ಮೇಲೆ ಬರುತ್ತದೆ. ಪಾದಕ್ಕೆ ಹಿಮ್ಮಡಿಯೇ ಇಲ್ಲ. ಫ್ಯಾನ್ ಗಾಳಿಗೂ ಹಿಂದಕ್ಕೆ ಮಗುಚುತ್ತದೆ. ಇದು ಪ್ಲಾಸ್ಟಿಕ್ಕಿನ ತಪ್ಪಲ್ಲ, ನಕ್ಷೆ ಹಾಕಿದವರ ತಪ್ಪು. 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಅನ್ನುವ, ಗಾಡಿಯಿಂದ ರೋಬೋ ಆಗುವ ಆಟಿಕೆಗಳ ಬ್ರ್ಯಾಂಡ್ ಶುರುವಾದಾಗ ಅದರ ಹಲವು ಆಟಿಕೆಗಳಲ್ಲಿ ಲೋಹದ ಭಾಗಗಳಿದ್ದವು. ಇದು ಅದರ ವೇಷ ಮಾತ್ರ ಹಾಕಿದೆ.

ಡಬ್ಬದ ಮೇಲೆ ಐಎಸ್‌ಐ ಗುರುತಿತ್ತು, ಅದನ್ನು ನೋಡಿಯೇ ನಂಬಿದ್ದೆ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ. ಆದರೆ ಅದು ಚೂಪು ಅಂಚು, ವಿಷದ ಬಣ್ಣ ಇಂಥ ಸುರಕ್ಷತೆಯ ಮಾತು. ಆಟಿಕೆ ಎಷ್ಟು ದಿನ ಬಾಳುತ್ತದೆ ಅನ್ನುವುದಕ್ಕಲ್ಲ. ಅಂಗಡಿಯವನನ್ನು ಕೇಳಿದ್ದಕ್ಕೆ, 'ಖಿಲೌನಾ ಹೈ ಸಾಬ್, ಟೂಟೇಗಾ ಹೀ' (ಆಟಿಕೆ ಸಾರ್, ಮುರಿದೇ ಮುರಿಯುತ್ತೆ) ಅಂದ.

ಚಕ್ರಗಳು ಮಾತ್ರ ಚೆನ್ನಾಗಿವೆ, ನಿಜ ಹೇಳಬೇಕು. ಈಗ ಮಗ ಎರಡು ರಬ್ಬರ್ ಬ್ಯಾಂಡ್ ಬಿಗಿದು ಅದನ್ನು ಲಾರಿಯಾಗಿಯೇ ಇಟ್ಟಿದ್ದಾನೆ. ಅಡುಗೆಮನೆಯಿಂದ ಹಾಲ್‌ವರೆಗೆ ಕಡಲೆಕಾಯಿ ಸಾಗಿಸುತ್ತಾನೆ.