ಬೆಟ್ಟದ ಕಾಡುಮನೆಯ ವಸಂತಕ್ಕೆ ಐನ್ಯಾಚುರಲಿಸ್ಟ್: ಹೆಸರಿನಷ್ಟೇ ತಾರೀಖೂ ಮುಖ್ಯ

ಬೆಟ್ಟದ ಮೇಲೆ, ಕಾಡಿನ ನಡುವೆ ಮನೆ ಇರುವವರು ಐನ್ಯಾಚುರಲಿಸ್ಟ್ ಆ್ಯಪ್ ಹಾಕಿಕೊಳ್ಳುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಅಂಗಳದಾಚೆ ಅರಳಿದ ಹೂವಿನ ಹೆಸರು ತಿಳಿಯಬೇಕು. ಹಾಕಿದ ಫೋಟೋ ನೋಡಿ ಆ್ಯಪ್ ಹೆಸರು ಸೂಚಿಸುತ್ತದೆ, ಬೇರೆ ಬಳಕೆದಾರರು ಅದನ್ನು ಒಪ್ಪುತ್ತಾರೆ ಇಲ್ಲವೇ ತಿದ್ದುತ್ತಾರೆ. ಆ ಕೆಲಸವನ್ನು ಅದು ಉಚಿತವಾಗಿ, ಬಹಳಷ್ಟು ಸಲ ಚೆನ್ನಾಗಿಯೇ ಮಾಡಿಕೊಡುತ್ತದೆ. ಆದರೆ ಅದರ ನಿಜವಾದ ಉಪಯೋಗ ಗೊತ್ತಾಗುವುದು ಎರಡನೇ ವಸಂತದಲ್ಲಿ. ಯಾವ ಗಿಡ ಯಾವಾಗ ಮೊಗ್ಗು ಬಿಟ್ಟಿತು, ಕೊಳದಲ್ಲಿ ಕಪ್ಪೆಮೊಟ್ಟೆ ಯಾವಾಗ ಕಂಡಿತು, ಯಾವ ವಲಸೆ ಹಕ್ಕಿ ಯಾವಾಗ ಮರಳಿತು ಎಂಬುದನ್ನು ಹಿಂದಿನ ವರ್ಷದ ಪಕ್ಕದಲ್ಲಿಟ್ಟು ನೋಡಲು ಇದಕ್ಕಿಂತ ಅನುಕೂಲದ ಸಾಧನ ಸಿಗುವುದು ಕಷ್ಟ. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸ್ನಾತಕೋತ್ತರ ಪ್ರಾಜೆಕ್ಟ್ ಆಗಿ ಶುರುವಾದ ಇದು 2023ರಿಂದ ಸ್ವತಂತ್ರ ಲಾಭರಹಿತ ಸಂಸ್ಥೆಯಾಗಿ ನಡೆಯುತ್ತಿದೆ.

ಫಲ ಸಿಗುವುದು, ಸಿಗದಿರುವುದು ಮುಕ್ಕಾಲು ಪಾಲು ಫೋಟೋದ ಮೇಲೆ ನಿಂತಿದೆ. ಹೂವಿನ ಮುಖದ ಒಂದೇ ಚಿತ್ರ ಸಾಲದು. ಹೂವಿನ ಮುಂಭಾಗ, ಹಿಂಭಾಗದ ಪುಷ್ಪಪತ್ರಗಳು, ಎಲೆಯ ಮೇಲ್ಮೈ ಮತ್ತು ಅಡಿ, ಎಲೆ ಕಾಂಡಕ್ಕೆ ಸೇರುವ ಜಾಗ, ಕೊನೆಗೆ ಸುತ್ತಲಿನ ನೆಲ ಕಾಣುವಂತೆ ಇಡೀ ಗಿಡ: ಈ ಆರು ಚಿತ್ರಗಳನ್ನು ಒಂದೇ ದಾಖಲೆಗೆ (ಆ್ಯಪ್‌ನಲ್ಲಿ ‘ಅಬ್ಸರ್ವೇಶನ್’) ಸೇರಿಸಿ. ಜರೀಗಿಡವಾದರೆ ಎಲೆಯಡಿಯ ಬೀಜಕಗಳ ಸಾಲು ಬೇಕೇ ಬೇಕು. ಆಗತಾನೇ ಸುರುಳಿ ಬಿಚ್ಚುತ್ತಿರುವ ಜರೀಚಿಗುರಿಗೆ, ಹೂಬಿಡದ ಹುಲ್ಲಿಗೆ, ನೆಲಕ್ಕಂಟಿದ ಎಲೆಗುಚ್ಛಕ್ಕೆ ಪ್ರಭೇದದ ಮಟ್ಟದ ಹೆಸರು ನಿರೀಕ್ಷಿಸುವುದು ಬೇಡ. ಅಂಥವಕ್ಕೆ ಪ್ರಭೇದಕ್ಕಿಂತ ಮೇಲಿನ ಹಂತದ, ಅಂದರೆ ಕುಲದ (ಜೀನಸ್) ಅಥವಾ ಕುಟುಂಬದ (ಫ್ಯಾಮಿಲಿ) ಹೆಸರು ಹಾಕಿ, ಹೂ ಬಂದಾಗ ಅದೇ ಗಿಡವನ್ನು ಮತ್ತೆ ದಾಖಲಿಸಿ.

‘ಮತ್ತೆ’ ಎಂದರೆ ಹೊಸ ದಾಖಲೆಯಾಗಿಯೇ. ಒಂದು ಜೀವಿ, ಒಂದು ಜಾಗ, ಒಂದು ಸಮಯ: ಒಂದು ದಾಖಲೆ ಎಂದರೆ ಇಷ್ಟೇ. ಮಾರ್ಚ್‌ನ ಮೊಗ್ಗು, ಏಪ್ರಿಲ್‌ನ ಹೂವು ಎರಡನ್ನೂ ಒಂದೇ ಕಡೆ ತುಂಬಿದರೆ ತಾರೀಖು ಅರ್ಥ ಕಳೆದುಕೊಳ್ಳುತ್ತದೆ. ಬೇರೆ ಬೇರೆ ದಾಖಲೆ ಮಾಡಿ, ಆ ಗಿಡಕ್ಕೊಂದು ಟ್ಯಾಗ್ ಕೊಟ್ಟರೆ ಆಮೇಲೆ ಹುಡುಕುವುದು ಸುಲಭ. ವೆಬ್‌ಸೈಟ್‌ನಲ್ಲಿ ಪ್ರತಿ ದಾಖಲೆಗೂ ಮೊಗ್ಗು, ಹೂ, ಕಾಯಿ, ಒಡೆಯುತ್ತಿರುವ ಎಲೆಮೊಗ್ಗು ಎಂದು ಗುರುತು ಹಾಕಬಹುದು. ಇದಕ್ಕೆ ಹಿಡಿಯುವುದು ಅರೆ ನಿಮಿಷ, ಆದರೂ ಬಹಳ ಜನ ಬಿಟ್ಟುಬಿಡುತ್ತಾರೆ. ಪ್ರಭೇದದ ಪುಟದಲ್ಲಿ ತಿಂಗಳುವಾರು ಹೂಬಿಡುವ ಗ್ರಾಫ್ ಮೂಡುವುದು ಈ ಗುರುತುಗಳಿಂದಲೇ. ಪ್ರಾಣಿಗಳ ಹೆಜ್ಜೆ, ಲದ್ದಿ, ಉದುರಿದ ಗರಿಯೂ ಇಲ್ಲಿ ಪುರಾವೆಯಾಗುತ್ತವೆ. ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಬೇಕು.

ಮೆಸೆಂಜರ್ ಆ್ಯಪ್ ಮೂಲಕ ಕಳಿಸಿಕೊಂಡ ಫೋಟೋ ಹಾಕಬೇಡಿ. ಅದರಲ್ಲಿ ಸಾಮಾನ್ಯವಾಗಿ ತೆಗೆದ ತಾರೀಖೂ ಜಾಗವೂ ಅಳಿಸಿಹೋಗಿರುತ್ತದೆ. ಮೂಲ ಫೈಲನ್ನೇ ಅಪ್‌ಲೋಡ್ ಮಾಡಿ.

ಆ್ಯಪ್ ಸೂಚಿಸುವ ಹೆಸರುಗಳಲ್ಲಿ ಮೊದಲನೆಯದನ್ನು ಕಣ್ಣುಮುಚ್ಚಿ ಒತ್ತುವುದೇ ಇಲ್ಲಿನ ದೊಡ್ಡ ಅಪಾಯ. ‘ಈ ಕುಲ ಎಂಬುದು ಹೆಚ್ಚು ಕಡಿಮೆ ಖಚಿತ’ ಎಂದು ಮೇಲೆ ತೋರಿಸಿ, ಕೆಳಗೆ ಪ್ರಭೇದಗಳ ಪಟ್ಟಿ ಕೊಟ್ಟರೆ ಕುಲವನ್ನೇ ಆರಿಸುವುದು ಪ್ರಾಮಾಣಿಕ ಕೆಲಸ. ದಾಖಲೆ ‘ರಿಸರ್ಚ್ ಗ್ರೇಡ್’ (ಸಂಶೋಧನೆಗೆ ಬಳಸಬಹುದಾದ ದರ್ಜೆ) ಆಗಲು ಕನಿಷ್ಠ ಇಬ್ಬರು ಗುರುತಿಸಿರಬೇಕು, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಒಮ್ಮತ ಇರಬೇಕು. ಯಾರೋ ಬಂದು ಹೆಸರು ಹೇಳಿದರೆಂದು ಧನ್ಯವಾದದ ರೂಪದಲ್ಲಿ ‘ಒಪ್ಪಿಗೆ’ ಒತ್ತಿದರೆ, ನೀವು ಪರೀಕ್ಷಿಸದ ಹೆಸರಿಗೆ ಆ ದರ್ಜೆ ಸಿಕ್ಕಿಬಿಡುತ್ತದೆ. ಕೃತಜ್ಞತೆಗೆ ಕಾಮೆಂಟ್ ಬರೆದರೆ ಸಾಕು.

ಸ್ಥಳೀಯ ಸಸ್ಯಗಳ ಮೇಲೆ ಆಸಕ್ತಿ ಇದ್ದರೆ ಇನ್ನೊಂದು ಎಚ್ಚರ ಬೇಕು. ಮಾಹಿತಿ ಇರುವ ಕಡೆ ಗಿಡ ಆ ಪ್ರದೇಶದ್ದೋ ಹೊರಗಿನಿಂದ ಬಂದದ್ದೋ ಎಂಬುದನ್ನು ಆ್ಯಪ್ ತೋರಿಸುತ್ತದೆ. ಆದರೆ ನಿಮ್ಮ ಬೇಲಿ ಬದಿಯ ಗಿಡ ತಾನಾಗಿ ಹುಟ್ಟಿದ್ದೋ ನೆಟ್ಟದ್ದೋ ಅದಕ್ಕೆ ತಿಳಿಯದು. ನೆಟ್ಟದ್ದಾದರೆ, ಸ್ಥಳೀಯ ಪ್ರಭೇದವೇ ಆದರೂ, ‘ಸಾಕಿದ್ದು ಅಥವಾ ಬೆಳೆಸಿದ್ದು’ ಎಂದು ಗುರುತು ಹಾಕಬೇಕು.

ಬೆಟ್ಟದ ಮನೆಗೆ ಸಂಬಂಧಿಸಿದಂತೆ ಕಾಣುವ ದೊಡ್ಡ ಕೊರತೆ ಎತ್ತರದ್ದು. ಐನ್ಯಾಚುರಲಿಸ್ಟ್ ದಾಖಲೆಯಲ್ಲಿ ಸಮುದ್ರಮಟ್ಟದಿಂದ ಎತ್ತರ ಕಾಣುವುದಿಲ್ಲ. ಅಮೆರಿಕದ ಕೀಟಶಾಸ್ತ್ರಜ್ಞ ಆಂಡ್ರ್ಯೂ ಹಾಪ್ಕಿನ್ಸ್ 1918ರಲ್ಲಿ ಉತ್ತರ ಅಮೆರಿಕದ ಸಮಶೀತೋಷ್ಣ ಭಾಗಕ್ಕೆ ಕೊಟ್ಟ ಸೂತ್ರದ ಪ್ರಕಾರ, ಪ್ರತಿ 400 ಅಡಿ ಏರಿದಂತೆ ವಸಂತ ಸುಮಾರು 4 ದಿನ ತಡವಾಗುತ್ತದೆ. ಇದು ಸರಾಸರಿ ಲೆಕ್ಕ ಮಾತ್ರ. ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖಮಾಡಿದ ಇಳಿಜಾರು ಬಿಸಿಲುಂಡು ಮೊದಲು ಅರಳುತ್ತದೆ. ಕಣಿವೆಯಲ್ಲಿ ಆಕಾಶ ಅರ್ಧ ಮರೆಯಾಗಿ ಜಿಪಿಎಸ್ ತಪ್ಪು ತೋರಿಸಬಹುದು, ಕಡಿದಾದ ಜಾಗದಲ್ಲಿ 100 ಮೀಟರ್ ತಪ್ಪಿದರೂ ಎತ್ತರ ಬದಲಾಗುತ್ತದೆ. ಹಾಗಾಗಿ ಟಿಪ್ಪಣಿಯಲ್ಲಿ ಎತ್ತರ, ಇಳಿಜಾರಿನ ದಿಕ್ಕು, ಮೇಲಿನ ಮರಗಳು ಎಲೆ ಬಿಟ್ಟಿವೆಯೇ ಎಂಬ ಮೂರನ್ನು ಬರೆದಿಡಿ. ಮರಗಳ ನೆರಳು ಮುಚ್ಚುವ ಮುಂಚೆ ಅರಳಿ ಮುಗಿಸುವ ನೆಲದ ಹೂಗಳಿಗೆ ಈ ಕೊನೆಯ ಮಾತು ಬಹಳ ಮುಖ್ಯ.

ಮನೆಯ ಸುತ್ತಲೇ ದಿನವೂ ದಾಖಲಿಸಿದರೆ ಮನೆ ಎಲ್ಲಿದೆ ಎಂಬುದು ಜಗತ್ತಿಗೆ ತಿಳಿಯುತ್ತದೆ. ಜಿಯೋಪ್ರೈವಸಿ ಎಂಬ ಜಾಗದ ಗೋಪ್ಯತೆಯ ಆಯ್ಕೆಯಲ್ಲಿ ‘ಅಬ್ಸ್‌ಕ್ಯೂರ್ಡ್’ (ಮರೆಮಾಡಿದ್ದು) ಆರಿಸಿದರೆ ಹೊರಗಿನವರಿಗೆ 0.2 ಡಿಗ್ರಿ ಚೌಕದೊಳಗಿನ ಯಾವುದೋ ಬಿಂದು ಕಾಣುತ್ತದೆ. ಉತ್ತರ ದಕ್ಷಿಣಕ್ಕೆ ಅದು ಸುಮಾರು 22 ಕಿಲೋಮೀಟರ್. ಆಗ ತಾರೀಖಿನ ಬದಲು ತಿಂಗಳಷ್ಟೇ ಅವರಿಗೆ ತೋರುತ್ತದೆ, ನಿಮಗೆ ಮಾತ್ರ ಎಲ್ಲವೂ ಪೂರ್ತಿ ಕಾಣುತ್ತದೆ. ಅಳಿವಿನಂಚಿನ ಅನೇಕ ಪ್ರಭೇದಗಳ ಜಾಗವನ್ನು ಆ್ಯಪ್ ತಾನೇ ಮರೆಮಾಡುತ್ತದೆ, ಆದರೆ ಕೀಳುವವರ ಕಣ್ಣಿಗೆ ಬೀಳಬಾರದ ನೆಲದ ಆರ್ಕಿಡ್ ಕಂಡಾಗ ಅದನ್ನು ನಂಬಿ ಕೂರದೆ ನೀವೇ ಮರೆಮಾಡಿ. ಗೂಡಿನ ಚಿತ್ರಕ್ಕಾಗಿ ಹತ್ತಿರ ಹೋಗುವುದಂತೂ ಬೇಡವೇ ಬೇಡ.

ಹಕ್ಕಿಗಳ ಕೂಗನ್ನು ಇಲ್ಲಿ ಅಪ್‌ಲೋಡ್ ಮಾಡಬಹುದು, ಆದರೆ ಯಂತ್ರ ಹೆಸರು ಸೂಚಿಸುವುದು ಚಿತ್ರ ನೋಡಿ ಮಾತ್ರ. ಎಲೆ ತುಂಬಿದ ಮೇಲೆ ಕಾಡಿನಲ್ಲಿ ಹಕ್ಕಿ ಕಾಣುವುದಕ್ಕಿಂತ ಕೇಳುವುದೇ ಹೆಚ್ಚು. ಅದಕ್ಕೆ ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಲ್ಯಾಬ್‌ನ, ಕೂಗು ಕೇಳಿ ಹಕ್ಕಿಯ ಹೆಸರು ಸೂಚಿಸುವ ಮರ್ಲಿನ್ ಬರ್ಡ್ ಐಡಿ ಆ್ಯಪ್ ಜೊತೆಗಿರಲಿ. ನಿಮ್ಮ ಪ್ರದೇಶದ ಹಕ್ಕಿಗಳ ಮಾಹಿತಿಯ ಪ್ಯಾಕ್ ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ಕೆಲಸ ಮಾಡುತ್ತದೆ. ಅದು ಹೇಳಿದ ಹೆಸರನ್ನು ಸುಳಿವೆಂದು ತಿಳಿದು, ಹಕ್ಕಿಯನ್ನು ಕಣ್ಣಾರೆ ಕಂಡೋ ಧ್ವನಿಮುದ್ರಿಕೆಯನ್ನು ಮತ್ತೆ ಕೇಳಿ ಹೋಲಿಸಿಯೋ ನಂತರ ದಾಖಲಿಸಿ.

ಖಾತೆ ತೆರೆಯಲು, ಜಾಗ ಹಂಚಿಕೊಳ್ಳಲು ಮನಸ್ಸಿಲ್ಲದವರಿಗೆ, ಮಕ್ಕಳಿಗೆ, ಐನ್ಯಾಚುರಲಿಸ್ಟ್ ಸಂಸ್ಥೆಯದೇ ಆದ, ಕ್ಯಾಮೆರಾ ಹಿಡಿದರೆ ಹೆಸರು ಸೂಚಿಸುವ ಸೀಕ್ ಆ್ಯಪ್ ಒಳ್ಳೆಯದು. ಆದರೆ ಅದರಲ್ಲಿ ಬೇರೆ ಜನ ಬಂದು ತಪ್ಪು ತಿದ್ದುವುದಿಲ್ಲ. ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವ ಉದ್ದೇಶವಿದ್ದರೆ ಐನ್ಯಾಚುರಲಿಸ್ಟ್ ಅನ್ನೇ ಹಾಕಿಕೊಳ್ಳಿ, ಅದೂ ಮೊದಲ ಮೊಗ್ಗು ಒಡೆಯುವ ಎರಡು ವಾರ ಮುಂಚೆ.