ರೇಟಿಂಗ್ ಸರಿ, ಬೀಜದ ಕುದುರೆ ವರದಿ ಸಪ್ಪೆ

ರೇಸ್ ಕುದುರೆಗಳಿಗೆ ಅಂಕ ಕೊಡುವ ಈ ರೇಟಿಂಗ್ ಸೇವೆಗೆ ಚಂದಾ ಕಟ್ಟಿ ಒಂದು ವರ್ಷವಾಯಿತು. ಹೆಸರು ಬೇಡ ಬಿಡಿ.

ರೇಟಿಂಗ್ ಭಾಗ ಚೆನ್ನಾಗಿದೆ. ಬರೀ ಓಡಿದ ಸಮಯ ನೋಡುವುದಿಲ್ಲ, ಹೊತ್ತ ತೂಕ, ಟ್ರ್ಯಾಕ್ ಒದ್ದೆಯೋ ಒಣಗಿದ್ದೋ, ಎದುರಿಗಿದ್ದ ಕುದುರೆಗಳು ಎಂಥವು, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಅಂಕ ಕೊಡುತ್ತಾರೆ.

ಬೇಸರ ಬಂದಿದ್ದು ಬೀಜದ ಕುದುರೆಗಳ, ಅಂದರೆ ಮರಿ ಹುಟ್ಟಿಸಲು ಇಟ್ಟ ಗಂಡು ಕುದುರೆಗಳ ವರದಿ ನೋಡಿ. ಮರಿಗಳು ಗೆದ್ದ ಒಟ್ಟು ಹಣದ ಮೇಲೆ ಸ್ಥಾನ ಕೊಟ್ಟಿದ್ದಾರೆ. 150 ಮರಿಗಳ ಅಪ್ಪ 40 ಮರಿಗಳ ಅಪ್ಪನಿಗಿಂತ ಮೇಲೆ ಬರುವುದು ಸಹಜ ಅಲ್ವಾ? ಓಡಿದ ಮರಿಗಳಲ್ಲಿ ನೂರಕ್ಕೆ ಎಷ್ಟು ದೊಡ್ಡ ರೇಸ್ ಗೆದ್ದವು ಅನ್ನುವುದು ಮುಖ್ಯ, ಅದನ್ನು ಎಲ್ಲೋ ಕೊನೆ ಪುಟಕ್ಕೆ ತಳ್ಳಿದ್ದಾರೆ. ತಾಯಿ ಕುದುರೆಗಳ ಗುಣಮಟ್ಟದ ಮಾತೇ ಇಲ್ಲ. ಒಳ್ಳೆಯ ತಾಯಂದಿರು ಸಿಕ್ಕರೆ ಸಾಧಾರಣ ಅಪ್ಪನೂ ಮಿಂಚುತ್ತಾನೆ ಸ್ವಾಮಿ!

ಇದನ್ನು ಅವರಿಗೇ ಕೇಳಿದ್ದಕ್ಕೆ ಮೂರು ವಾರದ ಮೇಲೆ ಉತ್ತರ ಬಂತು, ವಂಶ ಚೆನ್ನಾಗಿದ್ದರೆ ಸಾಕಂತೆ. 2006ರಲ್ಲಿ 1.6 ಕೋಟಿ ಡಾಲರ್‌ಗೆ ಹರಾಜಾದ ದಿ ಗ್ರೀನ್ ಮಂಕಿ ಎಂಬ ಕುದುರೆಗೂ ಒಳ್ಳೆಯ ವಂಶ ಇತ್ತು, ಒಂದೂ ರೇಸ್ ಗೆಲ್ಲಲಿಲ್ಲ. ಗೆದ್ದ ಮಾತ್ರಕ್ಕೂ ಸಾಲದು, ಸತತ 16 ರೇಸ್ ಗೆದ್ದ ಸಿಗಾರ್ ಎಂಬ ಕುದುರೆಗೆ ಮರಿಯೇ ಹುಟ್ಟಲಿಲ್ಲ.

ರೇಟಿಂಗ್‌ಗೆ ಮಾತ್ರ ಬೇಕಿದ್ದರೆ ತೆಗೆದುಕೊಳ್ಳಿ. ಆ ವರದಿಗೆ ಜಾಸ್ತಿ ದುಡ್ಡು ಸುಮ್ನೆ ದಂಡ.