ಒಂದೇ ದ್ರಾಕ್ಷಿ, ಐದು ತೋಟ: ಎಟ್ನಾದ ಪಸ್ಸೊಪಿಶಾರೊ ಕೆಂಪು ವೈನ್‌ಗಳು

ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಉತ್ತರ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಹೋದರೆ ನೆಲವೇ ಬೇರೆ. ಒಂದೊಂದು ಕಾಲದ ಲಾವಾ ಒಂದೊಂದು ದಾರಿ ಹಿಡಿದು ಹರಿದಿದೆ: ಹಳೆಯದು ಪುಡಿಯಾಗಿ ಕಪ್ಪು ಮರಳಾಗಿದೆ, ಈಚಿನದು ಇನ್ನೂ ಬಂಡೆ. ಹೀಗೆ ಹೆಸರು ಪಡೆದ ಒಂದೊಂದು ತುಂಡು ನೆಲವೂ ಒಂದು ಕೊಂತ್ರಾದ.

ಆಂದ್ರೆಯಾ ಫ್ರಾಂಕೆಟ್ಟಿ 2000ದಲ್ಲಿ ಶುರು ಮಾಡಿದ ಪಸ್ಸೊಪಿಶಾರೊ ಎಂಬ ವೈನ್ ತಯಾರಿಕಾ ಸಂಸ್ಥೆ ಇಂಥ ಐದು ಕೊಂತ್ರಾದಗಳ ವೈನನ್ನು ಬೇರೆ ಬೇರೆಯಾಗಿಯೇ ಬಾಟಲಿಗೆ ತುಂಬುತ್ತದೆ. ಐದರಲ್ಲೂ ನೆರೆಲ್ಲೊ ಮಸ್ಕಲೇಸೆ ಒಂದೇ ದ್ರಾಕ್ಷಿ. ಹುದುಗುವುದು ಸ್ಟೀಲ್ ತೊಟ್ಟಿಯಲ್ಲಿ, ಆಮೇಲೆ ಸುಮಾರು 18 ತಿಂಗಳು ದೊಡ್ಡ ಓಕ್ ಪೀಪಾಯಿಯಲ್ಲಿ. ಪೀಪಾಯಿ ದೊಡ್ಡದಾದ್ದರಿಂದ ಮರದ ವಾಸನೆ ಮೇಲೇಳುವುದಿಲ್ಲ. ಲೋಟದಲ್ಲಿ ಕಾಣುವ ವ್ಯತ್ಯಾಸ ಬಹುಪಾಲು ನೆಲದ್ದು, ಎತ್ತರದ್ದು.

ಐದನ್ನೂ ಹೋಲಿಸಿ ಸವಿಯಬೇಕಾದರೆ ಒಂದೇ ವರ್ಷದ ಕೊಯ್ಲಿನ ಬಾಟಲಿಗಳನ್ನೇ ತನ್ನಿ. ವರ್ಷ ಬೆರೆತರೆ ಎತ್ತರದ ಗುಣ ಯಾವುದು, ಮಳೆ-ಬಿಸಿಲಿನ ಗುಣ ಯಾವುದು ಎಂದು ಹೇಳಲಾಗದು. ಕೆಳಗಿನ ತೋಟದಿಂದ ಮೇಲಕ್ಕೆ ಕುಡಿಯುತ್ತ ಹೋಗಿ. ಒಬ್ಬರಿಗೆ ಪ್ರತಿ ವೈನಿನಿಂದ 50 ಮಿಲಿ ಸಾಕು. ಉಷ್ಣತೆ 15–16 ಡಿಗ್ರಿ ಇರಲಿ. 20 ದಾಟಿದರೆ ಆಲ್ಕೋಹಾಲ್ ಮೂಗಿಗೆ ಹೊಡೆದು ಹೂವಿನ ಕಂಪು ಮುಚ್ಚಿಹೋಗುತ್ತದೆ. 12ಕ್ಕೆ ಇಳಿದರೆ ಒಗರು ಮಾತ್ರ ಉಳಿಯುತ್ತದೆ.

ಕಿಯಾಪ್ಪೆಮಾಚಿನೆ 550 ಮೀಟರ್ ಎತ್ತರದಲ್ಲಿದೆ. ಇಲ್ಲಿ ಲಾವಾದ ಪದರ ತೆಳು, ಅಡಿಯಲ್ಲಿ ಸುಣ್ಣಕಲ್ಲು. ಐದರಲ್ಲಿ ದುಂಡಗಿನ ವೈನ್ ಇದೇ: ಮಾಗಿದ ಚೆರ್ರಿ, ನಡುನಾಲಿಗೆಯ ಮೇಲೆ ಮೆತ್ತಗಿನ ತೂಕ. 650 ಮೀಟರಿನ ಪೊರ್ಕರಿಯಾ ಇನ್ನೂ ಗಾಢ, ಮಸಾಲೆ ಮತ್ತು ಹೊಗೆಯ ಛಾಯೆ ಹೊತ್ತದ್ದು. ಎಳೆಯದಾಗಿಯೇ ಬಿಚ್ಚಿದರೂ ಮನಸ್ಸು ತುಂಬುತ್ತದೆ. 850 ಮೀಟರಿನ ಶಾರಾನುವೊವಾ ಹಗುರ, ಅಚ್ಚುಕಟ್ಟು. ಗ್ವಾರ್ದಿಯೋಲಾ ಬಿಗಿಮುಷ್ಟಿಯದು, ಉಪ್ಪಿನಂಥ ಖನಿಜದ ರುಚಿ, ದಂತಪಂಕ್ತಿಯ ಮೇಲೆ ಹಿಡಿದು ಕೂರುವ ಒಗರು.

ರಂಪಾಂತೆಯ ಮುಂದೆ ತಾಳ್ಮೆ ಬೇಕು. ಸುಮಾರು 1000 ಮೀಟರ್ ಎತ್ತರ, ಹಗಲು ಸುಡುವ ಬಿಸಿಲು, ರಾತ್ರಿ ಕೊರೆಯುವ ಚಳಿ. ರಾತ್ರಿಯ ತಂಪಿಗೆ ಹಣ್ಣಿನ ಹುಳಿ ಕರಗದೆ ಉಳಿಯುತ್ತದೆ, ಮಾಗುವುದು ನಿಧಾನವಾಗುತ್ತದೆ. ಎಟ್ನಾದ ಕೊಯ್ಲು ಅಕ್ಟೋಬರ್ ದಾಟಿ ನವೆಂಬರಿಗೂ ಚಾಚುವುದು ಇದರಿಂದಲೇ. ಬಿಚ್ಚಿದ ಕೂಡಲೇ ಈ ವೈನ್ ತೀರಾ ಮೌನಿ. ಒಂದು ಗಂಟೆ ಡಿಕ್ಯಾಂಟರಿನಲ್ಲಿ (ವೈನಿಗೆ ಗಾಳಿ ತಾಗಿಸುವ ಗಾಜಿನ ಹೂಜಿ) ಬಿಟ್ಟರೆ ಒಣಗುಲಾಬಿ, ಕೆಂಪು ಕಿತ್ತಳೆಯ ಸಿಪ್ಪೆ, ಕಾಡುಸೊಪ್ಪಿನ ಘಮ ಒಂದಾದ ಮೇಲೊಂದು ಬರುತ್ತವೆ. ನುಂಗಿದ ಮೇಲೂ ಬಹಳ ಹೊತ್ತು ಬಾಯಲ್ಲಿ ನಿಲ್ಲುತ್ತದೆ. ಐದರಲ್ಲಿ ಶ್ರೇಷ್ಠ ಇದೇ, ಅನುಮಾನವಿಲ್ಲ.

ಬಣ್ಣ ನೋಡಿ ಮೋಸಹೋಗಬೇಡಿ. ನೆರೆಲ್ಲೊ ತಿಳಿಗೆಂಪು, ಅಂಚಿನಲ್ಲಿ ಬೇಗ ಇಟ್ಟಿಗೆಯ ಛಾಯೆಗೆ ತಿರುಗುತ್ತದೆ. ಅದು ಕೆಟ್ಟ ಗುರುತಲ್ಲ. ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಬಿರಡೆಯ ದೋಷ. ಆ ಬಾಟಲಿ ಗಾಳಿಗೆ ಬಿಟ್ಟರೂ ಸರಿಹೋಗದು, ಅಂಗಡಿಗೆ ಹಿಂದಿರುಗಿಸಿ.

ಎರಡೇ ಬಾಟಲಿ ಕೊಳ್ಳುವುದಾದರೆ ಈಗ ಕುಡಿಯಲು ಪೊರ್ಕರಿಯಾ, ಕೊಯ್ಲಿನಿಂದ ಎಂಟು-ಹತ್ತು ವರ್ಷದವರೆಗೆ ತಂಪು ಕತ್ತಲಲ್ಲಿ ಮಲಗಿಸಿಡಲು ರಂಪಾಂತೆ.